ಚಂಚಿಯೊಳಗಿನ ಉರಿ

ರನ್ನನ ಗದಾಯುದ್ಧವನ್ನು ಪಾಠ ಹೇಳತೊಡಗಿದಾಗಲೆಲ್ಲ ನನ್ನ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಜಮಖಂಡಿಯ ನಮ್ಮ ಕಾಲೇಜಿಗೆ ಬರುವ ಹುಡುಗರಲ್ಲಿ ಮುಧೋಳದವರಿದ್ದಾರೆ, ಬೀಳಗಿಯವರಿದ್ದಾರೆ, ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳಿದ್ದಾರೆ. ರನ್ನ ಮುಧೋಳದವನು, ಬಳೆಗಾರರ ಮನೆತನದವನು ಎಂಬ ಅಭಿಮಾನ ಅವರಿಗೆಲ್ಲ ಉಂಟು. ಆದರೆ ನಮ್ಮೂರ ಕವಿಯೆಂದು ಅವನಿಗೆ ರಿಯಾಯಿತಿ ತೋರಿಸುವ ಪೈಕಿ ಅವರಲ್ಲ. ದುರ್ಯೋಧನನು ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಮುಳುಗಿ ಅಡಗಿದ್ದಾನೆ. ದಂಡೆಯ ಮೇಲೆ ಭೀಮ ನಿಂತು ಗರ್ಜಿಸುತ್ತಾನೆ. ಆ ಸದ್ದು ಕಿವಿಗೆ ಬಿದ್ದುದೇ ತಡ, ಜಲದ ನಡುವೆ ಕುಳಿತ ಕುರುಪತಿಯ ಮೈಗೆ ಬೆವರೊಡೆಯುತ್ತದೆ.

“ಸರ್, ನೀರಾಗ ಮುಣಗಿ ಕುಂತಾವಗ ಬೆವರು ಹ್ಯಾಂಗ ಬರತದರೀ? ಬಂದರೂ ಅದು ಬೆವರು ಅಂತ ಯಾರಿಗೆ ತಿಳೀತರೀ?” ಎಂದು ಹಿಂದಿನ ಬೆಂಚಿನಿಂದ ಒಬ್ಬನು ಕೇಳುತ್ತಾನೆ. ತರಗತಿ ನಗುತ್ತದೆ. ಅದು ಅತಿಶಯೋಕ್ತಿ, ಕವಿಸಮಯ ಎಂದು ಅಲಂಕಾರಶಾಸ್ತ್ರದ ಕೊಡೆ ಬಿಚ್ಚಿ ನಾನು ಹಲವು ವರ್ಷ ಆ ಮಳೆಯಿಂದ ಪಾರಾಗಿದ್ದೇನೆ. ತಲೆಯೊಳಗೆ ಹೊಕ್ಕ ಒಂದು ಬೇಗುದಿ ಮೈಯನ್ನೆಲ್ಲ ಹೇಗೆ ಮುಟ್ಟುತ್ತದೆ ಎಂಬ ನಿಜವಾದ ಪ್ರಶ್ನೆ ಆ ನಗೆಯ ಹಿಂದೆ ಕುಳಿತಿದೆ ಎಂದು ನನಗೆ ಹೊಳೆದದ್ದು ತರಗತಿಯಲ್ಲಲ್ಲ. ರಬಕವಿಯ ನಮ್ಮ ದೊಡ್ಡವ್ವನ ಹಾಸಿಗೆಯ ಪಕ್ಕದಲ್ಲಿ.

ದೊಡ್ಡವ್ವನೆಂದರೆ ನಮಗೆ ಮೊದಲು ನೆನಪಾಗುವುದು ಅವಳ ಸೊಂಟದ ಚಂಚಿ. ದಾರ ಎಳೆದರೆ ಬಾಯಿ ಮುಚ್ಚುವ, ಒಳಗೆ ನಾಲ್ಕಾರು ಮನೆಗಳಿರುವ ಬಟ್ಟೆಯ ಚೀಲ ಅದು. ಒಂದು ಮನೆಯಲ್ಲಿ ಎಲೆ-ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಮೊಮ್ಮಕ್ಕಳ ಕೆಮ್ಮಿಗೆಂದು ಒಣಶುಂಠಿ, ಇನ್ನೊಂದರಲ್ಲಿ ತನಗೆಂದು ತಂಬಾಕಿನ ಚೂರು. ಮದ್ದೂ ವಿಷವೂ ಒಂದೇ ದಾರದ ಬಿಗಿಯಲ್ಲಿ. ಒಂದು ಮುಂಜಾನೆ ಆ ದಾರ ಕಟ್ಟುವ ಕೈ ಮೇಲೇಳಲಿಲ್ಲ, ಮಾತು ತೊದಲಿತು, ಬಾಯಿ ಒಂದು ಕಡೆಗೆ ಸರಿಯಿತು. ಲಕ್ವಾ ಹೊಡೆದಿದೆ ಎಂದು ಮನೆಯವರು ಅರಿತರು; ಅರಿತು, ಲಕ್ವಾಕ್ಕೆ ಬೇರು ಅರೆದು ಕೊಡುವ ಒಂದು ಹಳ್ಳಿಗೆ ಕರೆದೊಯ್ದರು. ನಾನೂ ಬೇಡವೆನ್ನಲಿಲ್ಲ. ಎರಡು ದಿನ ಕಳೆದು ಆಸ್ಪತ್ರೆ ಸೇರಿದಾಗ ಕೈಕಾಲಿನ ಮಾತು ಹಿಂದೆ ಬಿದ್ದಿತ್ತು. ಜ್ವರ ಕಾಯುತ್ತಿತ್ತು, ಎದೆಯಲ್ಲಿ ಕಫ ಕಟ್ಟಿತ್ತು, ರಕ್ತದಲ್ಲಿ ಬಿಳಿಕಣಗಳು ಏರಿದ್ದವು. “ತಲೆಗೆ ಹೊಡೆತ ಬಿದ್ದರೆ ಮೈಯೆಲ್ಲ ಯಾಕೆ ಹೀಗಾಯಿತು?” ಎಂದು ನಾನು ಕೇಳಿದೆ. ಅಲ್ಲಿಯ ವೈದ್ಯರು, “ಹೊಡೆತ ಬಿದ್ದದ್ದು ತಲೀಗೇನೋ ಖರೆ. ಆದರ ಸುದ್ದಿ ಮೈಗೆಲ್ಲಾ ಮುಟ್ಟೇದರೀ, ಮಾಸ್ತರ” ಎಂದರು.

ಒಂಬತ್ತನೆಯ ದಿನ ದೊಡ್ಡವ್ವ ಹೋದಳು. ಆ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಸುದ್ದಿ ಮುಟ್ಟಿತು, ಸರಿ. ಒಯ್ದವರು ಯಾರು? ಜೀವಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಶಾಸನದ ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ಅಲೆದ ಅಭ್ಯಾಸವುಳ್ಳವನಾದ್ದರಿಂದ, ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಓದಿದೆ. ಅದರ ಉತ್ತರಕ್ಕೆ ಸೊಗಸಾದ ಒಂದು ಇತಿಹಾಸವಿದೆ. ಅದನ್ನೇ ವಾಚಕರ ಮುಂದಿಡಬೇಕೆಂದು ಈ ಬರಹ.

ಮೊದಲು ನಮ್ಮ ಮಾತಿನಿಂದಲೇ ತೊಡಗೋಣ. ಗಾಯವಾದ, ಸೋಂಕು ತಗಲಿದ ಜಾಗದಲ್ಲಿ ದೇಹ ಹೂಡುವ ಪ್ರತಿಭಟನೆಗೆ ಕನ್ನಡದಲ್ಲಿ ‘ಉರಿಯೂತ’ ಎನ್ನುತ್ತೇವೆ. ಉರಿ ಮತ್ತು ಊತ ಸೇರಿ ಆದ ಮಾತು. ರೋಮಿನ ಸೆಲ್ಸಸ್ ಎಂಬವನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಇದರ ನಾಲ್ಕು ಲಕ್ಷಣಗಳನ್ನು ಎಣಿಸಿದ್ದ: ಕೆಂಪೇರುವುದು, ಬಾವು, ಬಿಸಿ, ನೋವು. ನಾಲ್ಕರಲ್ಲಿ ಎರಡನ್ನು ಒಂದೇ ಪದದೊಳಗೆ ಹಿಡಿದಿಟ್ಟ ನಮ್ಮ ಮಾತು ಕೀಳಲ್ಲ. ಉರಿಯೂತವೆಂದರೆ ಶತ್ರುವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅದು ಊರಿಗೆ ಕಳ್ಳರು ಬಂದಾಗ ಬಾರಿಸುವ ಡಂಗುರ. ಕಳ್ಳರು ಹೋದ ಮೇಲೂ ಡಂಗುರ ನಿಲ್ಲದಿದ್ದರೆ, ಅಥವಾ ಕಳ್ಳರಿಲ್ಲದ ಊರಿನಲ್ಲಿಯೂ ಅದನ್ನು ಬಾರಿಸಿದರೆ, ಆಗ ಊರೇ ಕೆಡುತ್ತದೆ.

ಈ ಡಂಗುರ ಮೆದುಳಿಗೆ ಸಂಬಂಧಿಸಿದ್ದಲ್ಲ ಎಂದು ವಿಜ್ಞಾನ ಬಹುಕಾಲ ನಂಬಿತ್ತು. ಇಂಗ್ಲೆಂಡಿನ ಪೀಟರ್ ಮೆಡವಾರ್ 1948ರಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಪರಕೀಯ ಚರ್ಮದ ತುಣುಕು ಮೈಯ ಮೇಲೆ ನಾಟಿಯಾದರೆ ಬೇಗ ತಿರಸ್ಕೃತವಾಗುವುದನ್ನೂ ಮೆದುಳಿನಲ್ಲಿ ನಾಟಿಯಾದುದು ಹಾಗಾಗದೆ ಉಳಿಯಬಲ್ಲುದನ್ನೂ ಕಂಡರು. ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿಯಾದ ಒಂದು ತಡೆಗೋಡೆ ಇದೆಯೆಂಬುದು ಮೊದಲೇ ತಿಳಿದಿತ್ತು. ಇವೆರಡೂ ಸೇರಿ ಮೆದುಳು ದೇಹದ ರಕ್ಷಣಾಪಡೆಯ ಆಡಳಿತಕ್ಕೆ ಒಳಪಡದ ಪ್ರತ್ಯೇಕ ಸೀಮೆ ಎಂಬ ಭಾವನೆ ಬಲಿಯಿತು.

ನಮ್ಮ ಭಾಗದವನಿಗೆ ಆ 1948 ಎಂಬ ಇಸವಿ ಬೇರೊಂದು ಕಾರಣಕ್ಕಾಗಿ ಕಿವಿಗೆ ತಟ್ಟುತ್ತದೆ. ಅದಕ್ಕೆ ಮೊದಲು ಈ ಹತ್ತಾರು ಹರದಾರಿಯ ಸುತ್ತಿನಲ್ಲಿ ಎಷ್ಟು ರಾಜ್ಯಗಳು! ಜಮಖಂಡಿ ಪಟವರ್ಧನರದು, ಬನಹಟ್ಟಿ ಅದಕ್ಕೆ ಸೇರಿದ್ದು. ಮುಧೋಳ ಘೋರ್ಪಡೆಯವರದು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ನೇರವಾಗಿ ಇಂಗ್ರೇಜಿ ಸರಕಾರದ ವಿಜಾಪುರ ಜಿಲ್ಲೆಯದು. ನಕಾಶೆಯಲ್ಲಿ ನಾಲ್ಕು ಬಣ್ಣ. ಆದರೆ ರಬಕವಿಯಲ್ಲಿ ಬಣ್ಣ ಹಾಕಿದ ನೂಲು ಬನಹಟ್ಟಿಯ ಮಗ್ಗಕ್ಕೆ ಹೋಗುವುದನ್ನು ಆ ಬಣ್ಣಗಳು ನಿಲ್ಲಿಸಿದುವೇ? ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ, ಜ್ವರ, ಸುದ್ದಿ, ಎಲ್ಲವೂ ಗಡಿ ದಾಟುತ್ತಲೇ ಇದ್ದುವು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರಲ್ಲಿ ನಾವೆಲ್ಲ ಕನ್ನಡನಾಡಿನಲ್ಲಿ ಒಂದಾದೆವು. ನಮ್ಮ ಗಡಿಗಳು ಅಳಿದ ಆ ವರ್ಷವೇ ವಿಜ್ಞಾನ ಮೆದುಳಿಗೊಂದು ಸಂಸ್ಥಾನದ ಸನದು ಕೊಟ್ಟಿತೆಂಬುದು ಸೋಜಿಗ. ಆ ಸಂಸ್ಥಾನ ವಿಲೀನವಾಗಲು ಮುಂದೆ ಅರ್ಧ ಶತಮಾನಕ್ಕೂ ಮೀರಿ ಹಿಡಿಯಿತು.

ಈ ಪ್ರತ್ಯೇಕತೆಯ ಭಾವನೆ ಪ್ರಯೋಗಶಾಲೆಯಲ್ಲಿ ಮಾತ್ರ ಇದ್ದುದಲ್ಲ. ನಮ್ಮ ಜನರಲ್ಲಿಯೂ ಮೈಯ ರೋಗ ಬೇರೆ, ತಲೆಯ ರೋಗ ಬೇರೆ. ಮೈಯ ರೋಗಕ್ಕೆ ಊರಿನ ದವಾಖಾನೆ. ತಲೆ ಕೆಟ್ಟರೆ ಧಾರವಾಡ. 1845ರಲ್ಲಿ ಅಲ್ಲಿ ಹುಚ್ಚರ ಆಸ್ಪತ್ರೆ ತೆರೆದಂದಿನಿಂದ ಈ ಸೀಮೆಯಲ್ಲಿ ಧಾರವಾಡವೆಂಬ ಹೆಸರಿಗೆ ವಿದ್ಯೆಯ ಜೊತೆಗೆ ಇನ್ನೊಂದು ಅರ್ಥವೂ ಅಂಟಿಕೊಂಡಿತು. ಆದರೆ ಆ ಕಾಲದ ಹುಚ್ಚಾಸ್ಪತ್ರೆಗಳೇ ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟುವು. ಜಗತ್ತಿನ ಅಂಥ ಆಸ್ಪತ್ರೆಗಳಲ್ಲಿ ತುಂಬಿದ್ದ ಒಂದು ಬಗೆಯ ಬುದ್ಧಿಭ್ರಮಣೆಯ ರೋಗಿಗಳ ಮೆದುಳಿನಲ್ಲಿ 1913ರಲ್ಲಿ ಹಿದೆಯೊ ನೊಗುಚಿ ಮತ್ತು ಮೂರ್ ಎಂಬವರು ಉಪದಂಶ ರೋಗದ ಸುರುಳಿಜೀವಿಗಳನ್ನು ಕಂಡರು. ಬುದ್ಧಿ ಕೆಟ್ಟದ್ದು ಗ್ರಹಚಾರದಿಂದಲ್ಲ, ಸೋಂಕಿನಿಂದ. ಮೆದುಳಿನೊಳಗೂ ಡಂಗುರ ಬಾರಿಸಿತ್ತು.

ಬಾರಿಸುವವರಾದರೂ ಯಾರು? ಮೆದುಳೆಂದರೆ ನರಕೋಶಗಳೆಂದೇ ನಾವು ತಿಳಿದಿರುತ್ತೇವೆ. ಮನುಷ್ಯನ ಮೆದುಳಿನಲ್ಲಿ ಅವು ಸುಮಾರು 8,600 ಕೋಟಿ. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಬೇರೆ ಕೋಶಗಳೂ ಇವೆ. ಜರ್ಮನಿಯ ರುಡಾಲ್ಫ್ ವಿರ್ಖೋ 1856ರಲ್ಲಿ ಅವಕ್ಕೆ ಅಂಟು ಎಂಬ ಅರ್ಥದ ‘ಗ್ಲಿಯಾ’ ಎಂಬ ಹೆಸರಿಟ್ಟ. ನರಗಳನ್ನು ಹಿಡಿದು ಕೂರಿಸುವ ಗೋಂದು ಎಂಬ ಭಾವನೆ. 1919ರಲ್ಲಿ ಸ್ಪೇನಿನ ಪೀಯೊ ದೆಲ್ ರಿಯೊ ಒರ್ತೇಗಾ ಈ ಗೋಂದಿನಲ್ಲಿ ಒಂದು ಸಣ್ಣ ಕುಲವನ್ನು ಬಣ್ಣ ಹಾಕಿ ಬೇರೆಮಾಡಿ ತೋರಿಸಿದ. ಇವೇ ಮೈಕ್ರೋಗ್ಲಿಯಾ, ಮೆದುಳಿನ ತಳವಾರರು. ಸುಮ್ಮನಿರುವಾಗ ಕೈಕಾಲು ಚಾಚಿ ಸುತ್ತಲೂ ತಡವುತ್ತಿರುತ್ತವೆ. ಪೆಟ್ಟಾದರೆ ಮುದುಡಿ, ದುಂಡಗಾಗಿ, ಆ ಕಡೆಗೆ ಸಾಗುತ್ತವೆ. ಇವುಗಳ ಜೊತೆಗೆ ನಕ್ಷತ್ರದ ಆಕಾರದ ಇನ್ನೊಂದು ಕುಲವಿದೆ, ಆಸ್ಟ್ರೋಸೈಟು, ಅವನ್ನು ತಾರಾಕೋಶಗಳೆನ್ನೋಣ. ನರಕೋಶಗಳಿಗೆ ಊಟ-ಉಪಚಾರ ನೋಡುವವು ಇವೇ. ಮೆದುಳಿನ ಉರಿಯೂತದ ಕತೆ ಮುಖ್ಯವಾಗಿ ಈ ತಳವಾರರ ಮತ್ತು ಉಪಚಾರಕರ ಕತೆ.

ಇನ್ನು ಸುದ್ದಿ ಸಾಗುವ ಹಾದಿ. ಎರಡು ಹಾದಿಗಳು ಮೊದಲೇ ತಿಳಿದಿದ್ದುವು. ಒಂದು ನರಗಳ ಹಾದಿ. 1921ರಲ್ಲಿ ಓಟೋ ಲೋವಿ ಎರಡು ಕಪ್ಪೆಗಳ ಗುಂಡಿಗೆಯನ್ನಿಟ್ಟುಕೊಂಡು, ಒಂದರ ನರವನ್ನು ಕೆರಳಿಸಿ ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹನಿಸಿದಾಗ, ಮುಟ್ಟದೆಯೇ ಎರಡನೆಯ ಗುಂಡಿಗೆಯೂ ನಿಧಾನಿಸಿತು. ನರ ಕೊನೆಗೆ ಮಾತಾಡುವುದು ರಸಾಯನದ ಭಾಷೆಯಲ್ಲಿ ಎಂದು ಸಿದ್ಧವಾಯಿತು. ಎರಡನೆಯದು ರಕ್ತದಲ್ಲಿ ಹರಿಯುವ ಹಾರ್ಮೋನುಗಳ ಹಾದಿ. ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳನ್ನು ಚಳಿ, ಪೆಟ್ಟು, ಅತಿ ದುಡಿತ, ವಿಷ ಹೀಗೆ ಬೇರೆಬೇರೆ ಬಗೆಯಲ್ಲಿ ಪೀಡಿಸಿ ನೋಡಿದರೆ, ಪೀಡೆ ಯಾವುದಾದರೂ ದೇಹದ ಉತ್ತರ ಒಂದೇ ಆಗಿತ್ತು: ಮೂತ್ರಪಿಂಡದ ಮೇಲಿನ ಗ್ರಂಥಿ ಊದುವುದು, ಜಠರದಲ್ಲಿ ಹುಣ್ಣಾಗುವುದು. ಇಂದು ಹಳ್ಳಿಯವರ ಬಾಯಲ್ಲೂ ಆಡುವ ‘ಸ್ಟ್ರೆಸ್’ ಎಂಬ ಮಾತಿಗೆ ವೈದ್ಯದ ಅರ್ಥ ಬಂದದ್ದು ಅವರಿಂದ. ದುರ್ಯೋಧನನ ಬೆವರಿಗೆ ಈ ಎರಡು ಹಾದಿಗಳೇ ಸಾಕು. ಭಯ, ಕ್ರೋಧ ಮೂಡಿದೊಡನೆ ನರಗಳು ಬೆವರಿನ ಗ್ರಂಥಿಗಳನ್ನು ಕೆರಳಿಸುತ್ತವೆ, ನೀರಿನೊಳಗಿದ್ದರೂ ಕೆರಳಿಸುತ್ತವೆ. ರನ್ನನದು ಬರಿಯ ಅತಿಶಯೋಕ್ತಿಯಲ್ಲ ಎಂದು ನನ್ನ ವಿದ್ಯಾರ್ಥಿಗಳಿಗೆ ಈಗ ಧೈರ್ಯವಾಗಿ ಹೇಳುತ್ತೇನೆ.

ದೊಡ್ಡವ್ವನ ಜ್ವರಕ್ಕೆ ಮಾತ್ರ ಇಷ್ಟು ಸಾಲದು. ಉರಿಯೂತದ ಮುಖ್ಯ ಸಂದೇಶವಾಹಕಗಳಲ್ಲಿ ಒಂದು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನು. ಜ್ವರ ಬರಿಸುವ ಶಕ್ತಿ ಅದಕ್ಕಿದೆ. ಕೋಶದೊಳಗೆ ತಯಾರಾದ ಪ್ರೋಟೀನು ಹೊರಹೋಗಬೇಕಾದರೆ ಸಾಮಾನ್ಯವಾಗಿ ಅದರ ಮುಂತುದಿಯಲ್ಲಿ ಒಂದು ಗುರುತಿರಬೇಕು. ಸಂಸ್ಥಾನದ ಕಾಲದ ರಹದಾರಿ ಚೀಟಿ ಇದ್ದ ಹಾಗೆ. ಈ ಪ್ರೋಟೀನಿಗೆ ಆ ಚೀಟಿಯೇ ಇಲ್ಲ. ಚೀಟಿಯಿಲ್ಲದೆ ಇದು ನಾಕೆ ದಾಟುವುದೆಂತು ಎಂಬುದು ವಿಜ್ಞಾನಿಗಳನ್ನು ಕಾಡಿದ ಒಗಟು. ಅದರ ಒಂದು ಉತ್ತರ ಎಲ್ಲರೂ ಕಸವೆಂದು ಗುಡಿಸಿ ಹಾಕಿದ್ದ ವಸ್ತುವಿನಲ್ಲಿ ಸಿಕ್ಕಿತು.

ಆ ಕಸದ ಕತೆ ಹೀಗಿದೆ. 1946ರಲ್ಲಿ ಎರ್ವಿನ್ ಚಾರ್ಗಾಫ್ ಮತ್ತು ರ‍್ಯಾಂಡಲ್ಫ್ ವೆಸ್ಟ್, ರಕ್ತದಿಂದ ಕಣಗಳನ್ನು ತೆಗೆದ ಮೇಲೆ ಉಳಿದ ದ್ರವವನ್ನು ಅತಿವೇಗವಾಗಿ ತಿರುಗಿಸಿದಾಗ ಅಡಿಯಲ್ಲಿ ಕೂತ ಏನೋ ಒಂದು ವಸ್ತು ರಕ್ತವನ್ನು ಹೆಪ್ಪುಗಟ್ಟಿಸುವುದನ್ನು ಕಂಡರು. 1967ರಲ್ಲಿ ಪೀಟರ್ ವುಲ್ಫ್ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ರಕ್ತದ ಕಿರುಫಲಕಗಳಿಂದ ಉದುರಿದ ‘ಧೂಳು’ ಎಂದು ಕರೆದ. 1983ರಲ್ಲಿ ಮತ್ತೊಂದು ಹೆಜ್ಜೆ. ಸೆಲ್ಯೆ ಇದ್ದ ಅದೇ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರೋಸ್ ಜಾನ್‌ಸ್ಟನ್ ಎಂಬ ವಿದುಷಿ ಕುರಿಯ ಎಳೆಯ ಕೆಂಪುಕಣಗಳನ್ನು ಅಭ್ಯಾಸ ಮಾಡುತ್ತಿದ್ದರು. ಆ ಕಣ ಬಲಿಯುವಾಗ, ಕಬ್ಬಿಣವನ್ನು ಒಳಗೆ ತಂದುಕೊಳ್ಳಲು ಬೇಕಾಗಿದ್ದ ಹಿಡಿಕೆಗಳು ಅದಕ್ಕೆ ಬೇಡವಾಗುತ್ತವೆ. ಕಣ ಅವನ್ನು ಏನು ಮಾಡುತ್ತದೆ? ಸಣ್ಣ ಸಣ್ಣ ಚೀಲಗಳಲ್ಲಿ ಕಟ್ಟಿ, ಆ ಚೀಲಗಳನ್ನು ಒಂದು ದೊಡ್ಡ ಚೀಲದಲ್ಲಿ ತುಂಬಿ, ಗೋಡೆಯ ಬಳಿ ತಂದು ಹೊರಗೆ ಚೆಲ್ಲುತ್ತದೆ. ಅದೇ ಕಾಲಕ್ಕೆ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಫಿಲಿಪ್ ಸ್ಟಾಲ್ ಅವರ ತಂಡವೂ ಇಲಿಯ ಕಣಗಳಲ್ಲಿ ಇದನ್ನೇ ಕಂಡಿತು. ಜಾನ್‌ಸ್ಟನ್ 1987ರಲ್ಲಿ ಈ ಚೀಲಗಳಿಗೆ ‘ಎಕ್ಸೋಸೋಮ್’ ಎಂಬ ಹೆಸರನ್ನು ಬಳಸಿದರು. ಕೋಶ ತನ್ನ ಅಂಗಳ ಗುಡಿಸುತ್ತಿದೆ, ಅಷ್ಟೆ, ಎಂದು ಹೆಚ್ಚಿನವರು ತಿಳಿದು ಮುಂದೆ ಹೋದರು.

ಕಸದಿಂದ ರಸ ಎಂಬ ಗಾದೆ ಸುಳ್ಳಲ್ಲ. 1996ರಲ್ಲಿ ನೆದರ್‌ಲೆಂಡಿನ ಉತ್ರೆಕ್ಟ್‌ನಲ್ಲಿ ಗ್ರಾಸಾ ರಪೋಸೊ ಮತ್ತು ಸಂಗಡಿಗರು, ರಕ್ಷಣಾಪಡೆಯ ಬಿ ಕೋಶಗಳು ಹೊರಹಾಕಿದ ಇಂಥ ಚೀಲಗಳು ಅದೇ ಪಡೆಯ ಟಿ ಕೋಶಗಳನ್ನು ಎಚ್ಚರಿಸಬಲ್ಲುವೆಂದು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಗೋಟೆನ್‌ಬರ್ಗ್‌ನಲ್ಲಿ ಯಾನ್ ಲೋಟ್ವಾಲ್ ಅವರ ತಂಡ ಈ ಚೀಲಗಳಲ್ಲಿ ಆರ್‌ಎನ್‌ಎ ಇದೆ, ಒಂದು ಕೋಶದಿಂದ ಹೊರಟ ಅಪ್ಪಣೆ ಇನ್ನೊಂದು ಕೋಶದಲ್ಲಿ ಜಾರಿಯಾಗಬಲ್ಲುದು ಎಂದು ಸಾರಿತು. ಕಸದ ಬುಟ್ಟಿ ಟಪಾಲಿನ ಚೀಲವಾಯಿತು. ಕೋಶದ ಒಳಗೇ ಚೀಲಗಳು ಸರಕು ಸಾಗಿಸುವ ಕ್ರಮವನ್ನು ಬಿಡಿಸಿದ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್‌ಮನ್, ಥಾಮಸ್ ಸುಡೋಫ್ ಎಂಬ ಮೂವರಿಗೆ 2013ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಈ ವಿಷಯದತ್ತ ಲೋಕದ ಗಮನ ಇನ್ನೂ ಹರಿಯಿತು.

ಕೋಶದ ಹೊರಗೆ ಬರುವ ಈ ಚೀಲಗಳನ್ನೆಲ್ಲ ಒಟ್ಟಾಗಿ ಈಗ ‘ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನೋಣ? ನನಗಂತೂ ದೊಡ್ಡವ್ವನ ಚಂಚಿಗಿಂತ ಒಪ್ಪುವ ಮಾತು ಕಾಣದು. ಈ ಚಂಚಿಗಳಲ್ಲಿ ಎರಡು ಮುಖ್ಯ ಬಗೆ. ಒಳಗೆ ಕಟ್ಟಿ ಹೊರಗೆ ಚೆಲ್ಲುವ ಎಕ್ಸೋಸೋಮುಗಳು ಒಂದು. ಅವುಗಳ ಅಡ್ಡಳತೆ ಸುಮಾರು 30ರಿಂದ 150 ನ್ಯಾನೊಮೀಟರು. ಕೋಶದ ಗೋಡೆಯೇ ಗುಳ್ಳೆಯಂತೆ ಉಬ್ಬಿ ಕಳಚಿಕೊಳ್ಳುವುದು ಇನ್ನೊಂದು. ಇವು 1,000 ನ್ಯಾನೊಮೀಟರಿನವರೆಗೂ ಇರಬಹುದು. 100 ನ್ಯಾನೊಮೀಟರಿನ ಚಂಚಿಗಳನ್ನು ಸಾಲಾಗಿಟ್ಟರೆ ನಮ್ಮ ತಲೆಗೂದಲಿನ ದಪ್ಪವನ್ನು ತುಂಬಲು ಎಂಟುನೂರರಷ್ಟು ಬೇಕು.

ಈಗ ರಹದಾರಿ ಇಲ್ಲದ ಆ ಪ್ರೋಟೀನಿನ ಕಡೆಗೆ ಬರೋಣ. 2001ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು ಬಿಳಿಕಣಗಳ ಜಾತಿಯ ಕೋಶಗಳಿಗೆ ಎಟಿಪಿ ಎಂಬ ದ್ರವ್ಯವನ್ನು ಸೋಕಿಸಿದರು. ಎಟಿಪಿ ಎಂದರೆ ಕೋಶದೊಳಗಿನ ಶಕ್ತಿಯ ನಾಣ್ಯ; ಒಳಗಿರುವ ತನಕ ಅದು ಸಂಪತ್ತು. ಕೋಶ ಗಾಯಗೊಂಡು ಅದು ಹೊರಗೆ ಸೋರಿದರೆ, ಒಡೆದ ಮನೆಯಿಂದ ಬೀದಿಗೆ ಚೆಲ್ಲಿದ ಕಾಳಿನಂತೆ, ನೋಡಿದವರಿಗೆ ಅಪಾಯದ ಸೂಚನೆ. ಆ ಸೂಚನೆ ತಗಲಿದ ಕೆಲವೇ ನಿಮಿಷಗಳೊಳಗೆ ಕೋಶಗಳ ಗೋಡೆ ಗುಳ್ಳೆಗುಳ್ಳೆಯಾಗಿ ಉಬ್ಬಿ ಕಳಚಿತು. ಕಳಚಿದ ಗುಳ್ಳೆಗಳಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಇತ್ತು. ಬಾಗಿಲಿನಲ್ಲಿ ಚೀಟಿ ತೋರಿಸದೆ, ಗೋಡೆಯ ತುಂಡನ್ನೇ ಮೈಗೆ ಸುತ್ತಿಕೊಂಡು ಹೊರಬಿದ್ದಿತ್ತು! 2005ರಲ್ಲಿ ಇಟಲಿಯ ಮಿಲಾನಿನ ಸಂಶೋಧಕರು ಇದೇ ನಾಟಕವನ್ನು ಮೆದುಳಿನ ಕೋಶಗಳಲ್ಲಿ ಕಂಡರು. ತಾರಾಕೋಶಗಳು ಎಟಿಪಿಯನ್ನು ಬಿಡುತ್ತವೆ. ಅದು ತಗಲಿದ ಮೈಕ್ರೋಗ್ಲಿಯಾ ಚಂಚಿಗಳನ್ನು ಕಳಚುತ್ತವೆ. ಚಂಚಿಯಲ್ಲಿ ಉರಿಯ ಅದೇ ಪ್ರೋಟೀನು. 2012ರಲ್ಲಿ ಕ್ಲಾಡಿಯಾ ವೆರ್ಡೇರಿಯೊ ಮತ್ತು ಸಂಗಡಿಗರು, ನರಗಳ ಹೊದಿಕೆ ಸವೆಯುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಇಂಥ ಚಂಚಿಗಳು ಹೆಚ್ಚಾಗಿರುವುದನ್ನು ತೋರಿಸಿದರು. ಕಾವಲಿನವರೇ ಹೊತ್ತಿಸಿದ ಪಂಜು ಊರಿಗೆ ತಗಲಿತ್ತು. ಬೇಲಿಯೆದ್ದು ಹೊಲ ಮೇಯ್ದ ಹಾಗೆ.

ಇಷ್ಟಾದರೂ ಮೆದುಳಿನ ಗಡಿಯೊಳಗಿನ ಮಾತು. ಗಡಿ ದಾಟಿದ ಸುದ್ದಿಯ ಪುರಾವೆ 2017ರಲ್ಲಿ ಬಂತು. ಮೆದುಳಿಗೆ ಪೆಟ್ಟಾದರೆ ಯಕೃತ್ತು ಉತ್ತರ ಕೊಡುತ್ತದೆ, ಅಲ್ಲಿಂದ ಹೊರಟ ದ್ರವ್ಯಗಳು ಬಿಳಿಕಣಗಳ ದಂಡನ್ನು ಎಬ್ಬಿಸುತ್ತವೆ ಎಂಬುದು 2003ರ ಹೊತ್ತಿಗೇ ಪ್ರಾಣಿಗಳಲ್ಲಿ ಕಂಡುಬಂದಿತ್ತು. ತಲೆಗೆ ಪೆಟ್ಟು; ಪಕ್ಕೆಯೊಳಗಿನ ಯಕೃತ್ತಿಗೆ ಯಾರು ಹೇಳಿದರು? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ನಾರ್ಮನ್ ಹಾಯಿ ಅವರ ತಂಡ ಇಲಿಗಳ ಮೆದುಳಿನಲ್ಲಿ ಉರಿಯೂತ ಎಬ್ಬಿಸಿ ನೋಡಿತು. ಬೇಗುದಿಗೊಂಡ ತಾರಾಕೋಶಗಳು ಕಳಚಿದ ಚಂಚಿಗಳು ರಕ್ತಕ್ಕೆ ಇಳಿದು, ಯಕೃತ್ತನ್ನು ಮುಟ್ಟಿ, ಅಲ್ಲಿ ಉರಿಯನ್ನು ಅದುಮಿಡುವ ಒಂದು ನಿಯಂತ್ರಕವನ್ನು ತಗ್ಗಿಸಿದುವು. ಯಕೃತ್ತು ಉರಿಯ ಸಂಕೇತಗಳನ್ನು ಹೊರಡಿಸಿತು. ಬಿಳಿಕಣಗಳು ಎದ್ದು ಮೆದುಳಿನ ಕಡೆಗೆ ಸಾಗಿದುವು. ಚಂಚಿ ಕಟ್ಟುವ ಕೆಲಸಕ್ಕೆ ಔಷಧದಿಂದ ಅಡ್ಡಿಮಾಡಿದಾಗ ಆ ದಂಡು ಕುಗ್ಗಿತು. ಮೆದುಳಿನ ಹೊದಿಕೆಯಲ್ಲಿ ದುಗ್ಧನಾಳಗಳಿರುವುದು ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ಇಲಿಗಳಲ್ಲಿ ಸ್ಪಷ್ಟವಾಗಿತ್ತು. 1948ರಲ್ಲಿ ಸನದು ಪಡೆದ ಸಂಸ್ಥಾನ ಅಂತೂ ವಿಲೀನವಾಯಿತು.

ನಮ್ಮ ದೇಶದ ಸಾಕ್ಷಿಯೂ ಇದೆ. ಮಿದುಳು ಜ್ವರವೆಂದು ನಾವು ಕರೆಯುವ ಜಪಾನೀಸ್ ಎನ್ಸೆಫಲೈಟಿಸ್ ಭಾರತದಲ್ಲಿ ಮೊದಲು ಗುರುತಿಗೆ ಸಿಕ್ಕಿದ್ದು 1955ರಲ್ಲಿ, ವೆಲ್ಲೂರಿನಲ್ಲಿ. 1970ರ ದಶಕದ ಕೊನೆಗೆ ನಮ್ಮ ಕೋಲಾರದ ಸೀಮೆಯಲ್ಲಿ ಅದು ಎಷ್ಟೋ ಮಕ್ಕಳನ್ನು ಒಯ್ದಿತು. ವೈರಸ್ಸು ಹೊಕ್ಕ ನರಕೋಶ ಸಾಯುವುದು ಸಹಜ, ಹೊಗದಿದ್ದವೂ ಸಾಯುವುದೇಕೆ? ನಮ್ಮ ದೇಶದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಭ್ಯಾಸದ ಪ್ರಕಾರ, ಸೋಂಕು ತಗಲಿದ ಮೈಕ್ರೋಗ್ಲಿಯಾ ಬಿಡುವ ಚಂಚಿಗಳಲ್ಲಿ ಪುಟ್ಟ ಆರ್‌ಎನ್‌ಎ ತುಣುಕುಗಳಿದ್ದು, ಸೋಂಕಿಲ್ಲದ ನರಕೋಶಗಳಲ್ಲಿಯೂ ಅವು ಸಾವಿನ ಯಂತ್ರವನ್ನು ತಿರುಗಿಸುತ್ತವೆ. ಮನೆಗೆ ಕಳ್ಳ ಬಾರದಿದ್ದರೂ ಸುದ್ದಿಯೇ ಮನೆ ಮುರಿಯಿತು.

ಇಷ್ಟು ಹೇಳಿ ಚಂಚಿಯನ್ನು ಖಳನಾಯಕನನ್ನಾಗಿ ಮಾಡಿ ನಿಲ್ಲಿಸಿದರೆ ಅದು ಅನ್ಯಾಯ. ದೊಡ್ಡವ್ವನ ಚಂಚಿಯಲ್ಲಿ ತಂಬಾಕು ಇದ್ದಂತೆ ಶುಂಠಿಯೂ ಇತ್ತಷ್ಟೆ. ನರತಂತುಗಳಿಗೆ ಹೊದಿಕೆ ಸುತ್ತುವ ಕೋಶಗಳು ಕಳುಹಿಸುವ ಚಂಚಿಗಳು ಕಷ್ಟದಲ್ಲಿರುವ ನರಕೋಶಗಳಿಗೆ ಆಸರೆಯಾಗುತ್ತವೆಂದು 2013ರಲ್ಲಿ ಜರ್ಮನಿಯ ಮೈಂಟ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಒಳಗೇನಿದೆ ಎಂಬುದು ಕಟ್ಟಿದವರ ಅವಸ್ಥೆಯನ್ನು ಅವಲಂಬಿಸಿದೆ. ನೆಮ್ಮದಿಯ ಕೋಶ ಬುತ್ತಿ ಕಟ್ಟುತ್ತದೆ. ಬೇಗುದಿಯ ಕೋಶ ಕೆಂಡ ಕಟ್ಟುತ್ತದೆ.

ಇತಿಹಾಸ ಬರೆಯುವವನು ಗೆಲುವುಗಳನ್ನು ಮಾತ್ರ ಎಣಿಸಬಾರದು. ಮೆದುಳಿನ ನರಕೋಶಗಳಿಂದ ಬಂದ ಚಂಚಿಗಳನ್ನು ರಕ್ತದಿಂದಲೇ ಹೆಕ್ಕಿ, ಮರೆವಿನ ರೋಗವನ್ನು ವರ್ಷಗಳ ಮೊದಲೇ ಹೇಳಿಬಿಡಬಹುದೆಂಬ ಆಸೆ 2015ರ ಸುಮಾರಿಗೆ ಹಬ್ಬಿತ್ತು. ಎಲ್1ಸಿಎಎಮ್ ಎಂಬ ಒಂದು ಪ್ರೋಟೀನನ್ನು ಆ ಚಂಚಿಗಳ ಮೇಲಿನ ಗುರುತೆಂದು ಹಲವರು ನೆಚ್ಚಿದ್ದರು. 2021ರಲ್ಲಿ ಅಮೆರಿಕದ ಒಂದು ತಂಡ ಪರೀಕ್ಷಿಸಿ ನೋಡಿದರೆ, ಆ ಗುರುತು ರಕ್ತದಲ್ಲಿಯೂ ಬೆನ್ನುಹುರಿಯ ದ್ರವದಲ್ಲಿಯೂ ಚಂಚಿಗಳಿಗೆ ಅಂಟಿರದೆ ಬಿಡಿಯಾಗಿಯೇ ತೇಲುತ್ತಿತ್ತು. ಹಾಗೆಯೇ ಯಕೃತ್ತಿಗೆ ಮುಟ್ಟಿದ ಸುದ್ದಿಯ ಪುರಾವೆ ಇಲಿಗಳದು. ದೊಡ್ಡವ್ವನ ಎದೆಯ ಕಫಕ್ಕೆ ಚಂಚಿಗಳೇ ಕಾರಣವೆಂದು ನಾನು ಹೇಳಲಾರೆ. ಲಕ್ವಾ ಬಡಿದವರಲ್ಲಿ ನುಂಗುವ ಹದ ತಪ್ಪಿ ಉಗುಳು, ಗಂಜಿ ಶ್ವಾಸನಾಳಕ್ಕೆ ಇಳಿಯುತ್ತದೆ. ಸೋಂಕನ್ನು ಎದುರಿಸುವ ಕಸುವೂ ಕುಗ್ಗುತ್ತದೆ. ಹಲವು ಹಾದಿಗಳಲ್ಲಿ ಚಂಚಿಯದೂ ಒಂದು ಎನ್ನುವುದು ಸದ್ಯಕ್ಕೆ ಪ್ರಾಮಾಣಿಕವಾದ ಮಾತು.

ಇಲಿಯ ಮಾತು ಮನುಷ್ಯನಿಗೆ ಎಷ್ಟು ಒಪ್ಪುತ್ತದೆಂದು ತಿಳಿಯಬೇಕಾದರೆ ಮನುಷ್ಯನ ಮೆದುಳನ್ನೇ ನೋಡಬೇಕು. ಅದಕ್ಕೆ ಬೇಕಾದ ಒಂದು ಏರ್ಪಾಡು ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಮನಸ್ಸಿನ ವೈದ್ಯವೂ ನರಗಳ ವೈದ್ಯವೂ ಒಂದೇ ಸೂರಿನಡಿ ಬಂದುವು. ಅಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳುತನದಲ್ಲಿ ಮೆದುಳಿನ ಬ್ಯಾಂಕು ತೆರೆಯಿತು. ಸತ್ತವರ ಬಂಧುಗಳ ಒಪ್ಪಿಗೆಯಿಂದ ಪಡೆದ ಮೆದುಳಿನ ಭಾಗಗಳನ್ನು ಅಲ್ಲಿ ಸಂಶೋಧನೆಗಾಗಿ ಕಾದಿಡುತ್ತಾರೆ. ಕಣ್ಣು ದಾನಕ್ಕೆ ಒಪ್ಪುವ ನಾವು ಮೆದುಳೆಂದರೆ ಹಿಂಜರಿಯುತ್ತೇವೆ. ಅದು ಪ್ರತ್ಯೇಕ ಸೀಮೆಯೆಂಬ ಹಳೆಯ ಭಾವನೆ ನಮ್ಮಲ್ಲಿ ಇನ್ನೂ ವಿಲೀನವಾಗಿಲ್ಲವೆಂದು ಕಾಣುತ್ತದೆ.

ನಮ್ಮ ಮನೆಯ ತಪ್ಪಿನ ಬೇರು ಅಲ್ಲಿಯೇ ಇತ್ತು. ಕೈ ಬಿದ್ದರೆ ನಾವು ಕೈಯನ್ನು ನೋಡಿದೆವು. ತಲೆಯೊಳಗೆ ಕ್ಷಣಕ್ಷಣಕ್ಕೂ ಕೋಶಗಳು ಸಾಯುತ್ತ, ನೆರೆಯ ಕೋಶಗಳಿಗೆ ಕೆಂಡ ಕಟ್ಟಿ ಕಳುಹಿಸುತ್ತ ಇದ್ದುದು ಕಣ್ಣಿಗೆ ಬೀಳಲಿಲ್ಲ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಾದಲ್ಲಿ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಉಂಟು. ಅದನ್ನು ಕೊಡಲು ರೋಗ ತಗಲಿದಂದಿನಿಂದ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಅವಧಿ. ನಾವು ಕಳೆದದ್ದು ಎರಡು ದಿನ. ಸೊಟ್ಟಗಾದ ಬಾಯಿ, ಏಳದ ಕೈ, ತೊದಲುವ ಮಾತು, ಈ ಮೂರರಲ್ಲಿ ಒಂದು ಕಂಡರೂ ಬೇರಿನ ಹಳ್ಳಿಯ ದಾರಿ ಬಿಟ್ಟು ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಬೇಕೆಂದು ನಾನು ಈಗ ತರಗತಿಯಲ್ಲಿ ಹೇಳುತ್ತೇನೆ. ಗದಾಯುದ್ಧದ ಪಾಠದಲ್ಲಿ ಇದೇಕೆ ಎಂದು ಯಾರೂ ಕೇಳಿಲ್ಲ.

ಈ ವರ್ಷವೂ ಬೆವರಿನ ಪ್ರಶ್ನೆ ಬಂತು. ಈ ಸಲ ನಾನು ಕೊಡೆ ಬಿಚ್ಚಲಿಲ್ಲ. ನರದ ಹಾದಿ, ರಕ್ತದ ಹಾದಿ, ಚಂಚಿಯ ಹಾದಿ ಮೂರನ್ನೂ ಹೇಳಿದೆ. ಗಂಟೆ ಬಾರಿಸಿದ ಮೇಲೂ ಬನಹಟ್ಟಿಯ ಒಬ್ಬ ಹುಡುಗ ಕುಳಿತೇ ಇದ್ದ. “ಸರ್, ನಮ್ಮಪ್ಪಗ ಸಾಲದ ಚಿಂತಿ ಭಾಳ ಅದರೀ. ರಾತ್ರಿ ನಿದ್ದಿ ಮಾಡೂದಿಲ್ಲ. ಅಂವನ ತಲ್ಯಾಗೂ ಹಿಂಗ ಉರಿ ಕಟ್ಟತಿರತದೇನರೀ?” ಎಂದು ಕೇಳಿದ. ಬಹುಕಾಲದ ಚಿಂತೆ, ನಿದ್ದೆಗೇಡು ದೇಹದಲ್ಲಿ ಉರಿಯೂತವನ್ನು ಏರಿಸುತ್ತವೆಂದು ನಾನು ಓದಿದ್ದೆ. ಹೌದೆನ್ನಲು ನಾಲಗೆ ಏಳಲಿಲ್ಲ, ಇಲ್ಲವೆಂದರೆ ಸುಳ್ಳಾಗುತ್ತಿತ್ತು.

“ಅಪ್ಪನ ಜೋಡಿ ದಿನಾ ಒಂದೀಟು ಕುಂತು ಮಾತಾಡು. ಇದೇ ವಾರ ಕರಕೊಂಡು ಹೋಗಿ ಬಿ.ಪಿ. ತೋರಿಸು. ಚಿಂತಿ ತಲೀದು ಅಂತ ಬಿಡಬ್ಯಾಡ, ಅದು ಮೈದೂ ಹೌದು” ಎಂದೆ. ಹುಡುಗ ತಲೆದೂಗಿ, ಬನಹಟ್ಟಿಯ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದ.